ಅವಧಿ ಮೀರಿದ ಘಟಕಗಳು

ಕಳೆದ ಜೂನ್ ತಿಂಗಳ ಎರಡನೆಯ ಸೋಮವಾರ, ಹಾನಗಲ್ಲಿನ ನಮ್ಮ ಬೀಜ ಬೆಳೆಗಾರರ ಸಂಘದ ಆಡಳಿತ ಮಂಡಳಿಯು ತನ್ನಲ್ಲಿದ್ದ ಒಬ್ಬರೇ ಪ್ರೋಗ್ರಾಮರ್ ಅವರ ಗುತ್ತಿಗೆಯನ್ನು ಮುಂದುವರಿಸದಿರಲು ನಿರ್ಧರಿಸಿತು. ಠರಾವಿನಲ್ಲಿ ಬರೆದ ಕಾರಣ ಮೂರು ಶಬ್ದಗಳದು: ‘ಅವಧಿ ಮೀರಿದ ಘಟಕಗಳು’. ಆ ಮೂರೂ ಶಬ್ದ ನನ್ನವು.

ಆಕೆ ಚಿಕ್ಕೇರೂರಿನವರು. ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದರು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಸದಸ್ಯರು ತರುವ ಬೀಜದ ಮಾದರಿಗೆ ಮೊಳಕೆ ಪರೀಕ್ಷೆಯ ಚೀಟಿ ಮುದ್ರಿಸುವ ತಂತ್ರಾಂಶ ಅವರದೇ ಬರವಣಿಗೆ. ನಾನು ಪತ್ರಿಕೆಯ ಡೆಸ್ಕಿನಲ್ಲಿ ಹನ್ನೊಂದು ವರ್ಷ ಬೇರೆಯವರ ಶಬ್ದ ತಿದ್ದಿ, ಪತ್ರಿಕೆಯ ನಮ್ಮ ಜಿಲ್ಲಾ ಆವೃತ್ತಿ ನಿಂತ ಮೇಲೆ ಸಂಘದ ಕಚೇರಿ ಸೇರಿದವನು.

ಯಾವ ತಂತ್ರಾಂಶವನ್ನೂ ಒಬ್ಬರೇ ಪೂರ್ತಿ ಬರೆಯುವುದಿಲ್ಲ. ಬೇರೆಯವರು ಬರೆದು ಹಂಚಿದ ಸಿದ್ಧ ತುಣುಕುಗಳನ್ನು ತಂದು ಜೋಡಿಸುತ್ತಾರೆ. ಅವುಗಳಿಗೆ ಹೊಸ ಆವೃತ್ತಿ ಬರುತ್ತಲೇ ಇರುತ್ತದೆ. ತಿಂಗಳ ಮೊದಲ ಸೋಮವಾರ ಅದನ್ನು ನೋಡಿ ಬರೆದಿಡುವುದನ್ನು ಅವರು ನನಗೆ ಕಲಿಸಿದ್ದರು. ಕಪ್ಪು ಪರದೆ ತೆರೆದು ಎರಡು ಶಬ್ದದ ಆದೇಶ ಟೈಪ್ ಮಾಡಬೇಕು. ಎರಡನೆಯ ಶಬ್ದ ‘ಔಟ್‌ಡೇಟೆಡ್’. ಈಗ ನಮ್ಮಲ್ಲಿರುವುದು ಎಷ್ಟನೆಯದು, ಹೊರಗೆ ಬಂದಿರುವ ಕೊನೆಯದು ಎಷ್ಟನೆಯದು ಎಂದು ಸಾಲುಗಳು ಮೂಡುತ್ತವೆ. ಎಲ್ಲವೂ ಹೊಸದಿದ್ದರೆ ಏನೂ ಮೂಡುವುದಿಲ್ಲ.

ಒಂದು ಸಾಲು ಮಾತ್ರ ಪ್ರತಿ ತಿಂಗಳೂ ಇರುತ್ತಿತ್ತು: ಚೀಟಿ ಮುದ್ರಿಸುವ ತುಣುಕಿನದು. ಅದರ ಹೊಸ ಆವೃತ್ತಿ ನಮ್ಮ ಒತ್ತಕ್ಷರಗಳನ್ನು ಒಡೆಯುತ್ತಿತ್ತು. ಒಮ್ಮೆ ಹಾಕಿ ನೋಡಿ, ತಮ್ಮ ಊರು ‘ಚಿಕ್‌ಕೇರೂರು’ ಎಂದು ಬಂದದ್ದನ್ನು ನನಗೆ ತೋರಿಸಿ ನಕ್ಕಿದ್ದರು. ನಂತರ ಹಳೆಯದನ್ನೇ ಮತ್ತೆ ಕೂಡಿಸಿದರು.

ಜೂನ್‌ನಲ್ಲಿ ಮಂಡಳಿ ಆ ಪಟ್ಟಿಯನ್ನು ಕನ್ನಡದಲ್ಲಿ, ಕಾಗದದ ಮೇಲೆ ಕೇಳಿತು. ‘ಹೊಸ ಆವೃತ್ತಿ ಬಂದಿರುವ ತುಣುಕುಗಳು’ ಎಂದು ಬರೆಯಬಹುದಿತ್ತು. ತಲೆಬರಹ ಉದ್ದವಾಯಿತೆಂದು ‘ಅವಧಿ ಮೀರಿದ ಘಟಕಗಳು’ ಎಂದು ಚಿಕ್ಕದು ಮಾಡಿದೆ.

ಅಧ್ಯಕ್ಷರಿಗೆ ಸವಣೂರಿನಲ್ಲಿ ಬೆಳೆಗೆ ಹೊಡೆಯುವ ಔಷಧದ ಅಂಗಡಿ ಇದೆ. ಸಭೆಯಲ್ಲಿ ಅವರು ತಲೆಬರಹವನ್ನು ಎರಡು ಸಲ ಓದಿ, ಎದುರಿಗೆ ಕೂತಿದ್ದ ಆಕೆಯನ್ನು ನೋಡಿದರು.

“ಡೇಟ್ ಬಾರ್ ಆಗಿದ್ದ ಮಾಲು ಇಟ್ಕೊಂಡು ಕುಂತೀರೇನ್ರಿ ಮೇಡಂ? ನಮ್ಮ ಅಂಗಡ್ಯಾಗ ಇಂಥಾದ್ದು ಒಂದು ಬಾಟ್ಲಿ ಸಿಕ್ರ ಶಟರ್ ಎಳಸ್ತಾರ.”

“ಇದು ಬೆಳಿಗೆ ಹೊಡಿಯೂ ಎಣ್ಣಿ ಬಾಟ್ಲಿ ಅಲ್ರಿ ಸರ್. ಹೊಸಾದು ಬಂದೈತಿ ಅಂತ ತೋರಸ್ತೈತಿ, ಇದ್ದದ್ದು ಕೆಟ್ಟೈತಿ ಅಂತಲ್ಲ. ಬೇಕಂತನ ಹಳೇದು ಇಟ್ಟೇನಿ.”

ಹಿರೇಬೆಂಡಿಗೇರಿಯ ನಿರ್ದೇಶಕರು, ತಮ್ಮ ಶೇಂಗಾ ಮೊಳಕೆ ಪರೀಕ್ಷೆಯಲ್ಲಿ ಫೇಲಾದದ್ದು ಇದಕ್ಕೇ ಇರಬೇಕು ಎಂದರು. ಎಲ್ಲರೂ ನಕ್ಕರು. ‘ಬೇಕಂತನ’ ಎಂಬುದನ್ನು ಗುಮಾಸ್ತರು ನಡಾವಳಿಯಲ್ಲಿ ಬರೆದುಕೊಂಡರು.

ಅಧ್ಯಕ್ಷರು ನನ್ನ ಕಡೆ ತಿರುಗಿದರು. “ಇದನ್ನ ಬರದಾವ್ರು ನೀವ ಅಲ್ರಿ? ಅವಧಿ ಮೀರೈತೋ ಇಲ್ಲೋ?”

“ಬರದಾಂವ ನಾನ ರೀ,” ಎಂದೆ. ಎರಡನೆಯ ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲಿ ಅವರು ಮುಂದಿನ ವಿಷಯ ಎತ್ತಿಕೊಂಡಿದ್ದರು. ನಾನು ತಡೆಯಲಿಲ್ಲ. ಆಕೆಯ ವರ್ಷದ ಗುತ್ತಿಗೆ ಅಂದೇ ನವೀಕರಣವಾಗಬೇಕಿತ್ತು ಎಂಬುದು ನನಗೆ ಗೊತ್ತಿತ್ತು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಆಕೆ ಸಿಕ್ಕರು. ಊಟದ ಡಬ್ಬಿ, ಮೇಜಿನ ಮೇಲಿರುತ್ತಿದ್ದ ನೀರಿನ ಬಾಟಲಿ, ಎರಡೂ ಒಂದೇ ಚೀಲದಲ್ಲಿದ್ದವು. ಶಬ್ದ ತಪ್ಪಾಯಿತು, ತಿದ್ದಿ ಕೊಡುತ್ತೇನೆ ಎಂದೆ.

“ಪೇಪರಿನ್ಯಾಗ ತಪ್ಪಾದ್ರ ಮರುದಿನ ತಿದ್ದುಪಡಿ ಹಾಕ್ತಿದ್ರಿ ಅಲ್ರಿ ಸರ್,” ಎಂದರು. “ಎಷ್ಟನೇ ಪುಟದಾಗ?”

ಚಿಕ್ಕೇರೂರಿನ ಮೇಲೆ ಹೋಗುವ ಹಿರೇಕೆರೂರಿನ ಬಸ್ ಬಂತು. ಹತ್ತಿದರು.

ತಿದ್ದುಪಡಿ ಪತ್ರವನ್ನು ಮರುದಿನವೇ ಕೊಟ್ಟೆ. ಗುಮಾಸ್ತರು ಶಿಕ್ಕಾ ಒತ್ತಿ ಫೈಲಿಗೆ ಹಾಕಿದರು. ಮುಂದಿನ ಸಭೆಯ ವಿಷಯ ಪಟ್ಟಿಯಲ್ಲಿ ಅದು ಇರಲಿಲ್ಲ. ಅದರ ಮುಂದಿನದರಲ್ಲೂ ಇರಲಿಲ್ಲ. ಗುತ್ತಿಗೆ ಹಿಡಿದ ಹೊಸಬರು ಮೊದಲ ವಾರದಲ್ಲೇ ಎಲ್ಲ ತುಣುಕುಗಳನ್ನೂ ಹೊಸದಕ್ಕೆ ಏರಿಸಿದರು. ಅಧ್ಯಕ್ಷರು ಅವರಿಗೆ ಶಾಲು ಹೊದಿಸಿದರು.

ಈ ತಿಂಗಳ ಮೊದಲ ಸೋಮವಾರ ಆದೇಶ ಟೈಪ್ ಮಾಡಿದೆ. ಏನೂ ಮೂಡಲಿಲ್ಲ. ಅಂದು ಮುದ್ರಣವಾದ ಚೀಟಿಗಳಲ್ಲಿ ಆಕೆಯ ಊರಿನ ಹೆಸರು ‘ಚಿಕ್‌ಕೇರೂರು’ ಎಂದಿದೆ.