ಗಂಗಮ್ಮನಿಗೆ ಬಂತು, ನನಗೂ ಬಂದಿರಬಹುದು

ಆ ಗುರುವಾರ ನಾನು ಡಯಾಲಿಸಿಸ್‌ಗೆ ಹೋದಾಗ ನನ್ನ ಪಕ್ಕದ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು.

ಅದು ಗಂಗಮ್ಮನ ಮಂಚ. ಹಗರೆ ಊರಿನವಳು, ಎರಡು ಹಸು ಸಾಕಿ ಡೈರಿಗೆ ಹಾಲು ಹಾಕುತ್ತಾಳೆ. ನನ್ನದು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿ. ಇಬ್ಬರದೂ ಕಿಡ್ನಿ ಕೈಕೊಟ್ಟಿದೆ. ವಾರಕ್ಕೆರಡು ಸಲ ಬೇಲೂರಿನ ಆಸ್ಪತ್ರೆಗೆ ಬಂದು, ಅಕ್ಕಪಕ್ಕ ಮಲಗಿ, ಮೆಷಿನ್ನಿಗೆ ರಕ್ತ ಕೊಟ್ಟು ವಾಪಸ್ ತಗೊಳ್ಳುತ್ತ ಒಂದು ವರ್ಷದ ಮೇಲಾಯಿತು. ಮನೆಯವರ ಹತ್ತಿರ ಆಡದ ಮಾತನ್ನೆಲ್ಲ ನಾನು ಅವಳ ಹತ್ತಿರ ಆಡಿದ್ದೇನೆ.

"ಗಂಗಮ್ಮ ಬಂದಿಲ್ವಾ?" ಎಂದು ಟೆಕ್ನಿಷಿಯನ್ ರಮೇಶನನ್ನು ಕೇಳಿದೆ. ಅವನು ನನ್ನ ಕೈಗೆ ಸೂಜಿ ಚುಚ್ಚಲು ಸ್ಪಿರಿಟ್ ಹಚ್ಚುತ್ತಿದ್ದ.

"ಬಂದಿದಾರೆ ಅಮ್ಮ. ಒಳಗಡೆ ರೂಮಲ್ಲಿದಾರೆ."

ಒಳಗಡೆ ರೂಮು.

ಆ ಕೋಣೆ ನನಗೆ ಚೆನ್ನಾಗಿ ಗೊತ್ತು. ಹಾಲ್‌ನ ಕೊನೆಯಲ್ಲಿ, ಎರಡೇ ಮಂಚ, ಎರಡೇ ಮೆಷಿನ್. ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ಇರುವವರಿಗೆಂದು ಬೇರೆ ಮಾಡಿಟ್ಟದ್ದು. ಗಂಗಮ್ಮ ಇಲ್ಲಿಗೆ ಬರುವುದಕ್ಕೆ ಮೊದಲು ನನ್ನ ರಕ್ತದಲ್ಲಿ ಆ ವೈರಸ್ ಸಿಕ್ಕಿತ್ತು. ಯಾವಾಗಲೋ ಹಾಕಿಸಿಕೊಂಡ ರಕ್ತದಿಂದ ಬಂತೋ, ಬೇರೆ ಹೇಗೆ ಬಂತೋ, ಯಾರೂ ಖಚಿತವಾಗಿ ಹೇಳಲಿಲ್ಲ. ಮೂರು ತಿಂಗಳು ಮಾತ್ರೆ ನುಂಗಿದೆ. ಆ ತಿಂಗಳುಗಳೆಲ್ಲ ಅಲ್ಲಿ ಒಬ್ಬಳೇ, ಗೋಡೆ ನೋಡಿಕೊಂಡು ಮಲಗಿದ್ದೆ. ಹಾಲ್‌ನಲ್ಲಿ ಯಾರೋ ನಗುವುದು ಕೇಳಿಸುತ್ತಿತ್ತು, ಯಾಕೆ ನಕ್ಕರೆಂದು ತಿಳಿಯುತ್ತಿರಲಿಲ್ಲ. ಮಾತ್ರೆ ಮುಗಿದ ಮೇಲೆ ವೈರಲ್ ಲೋಡ್ ಟೆಸ್ಟ್ ಮಾಡಿ, ವೈರಸ್ ಇಲ್ಲವೆಂದಾದಾಗ ನನ್ನನ್ನು ಹಾಲ್‌ಗೆ ಕರೆತಂದರು. ಆಮೇಲೆ ಪಕ್ಕದ ಮಂಚಕ್ಕೆ ಗಂಗಮ್ಮ ಬಂದಳು.

ಅವಳಿಗೆ ಬಂದಿದೆ ಎಂದರೆ ನನಗೂ ಮತ್ತೆ ಬಂದಿರಬಹುದೇ?

ಡಾಕ್ಟರ್ ರೌಂಡ್ಸಿಗೆ ಬಂದಾಗ ಇದನ್ನೇ ಕೇಳಿದೆ. ಅವರು ಚಿಕ್ಕ ವಯಸ್ಸಿನವರು, ಕುರ್ಚಿ ಎಳೆದುಕೊಂಡು ಕೂತು ಮಾತಾಡುವವರು.

"ಒಂದ್ಸಲ ವಾಸಿಯಾದ ಮೇಲೆ ಮತ್ತೆ ಬರಲ್ಲ ಅಲ್ವಾ ಡಾಕ್ಟ್ರೇ?"

"ಹಾಗೇನಿಲ್ಲ ಅಮ್ಮ. ಮತ್ತೆ ಬರಬಹುದು. ಇಲ್ಲಿ ಎಲ್ಲರಿಗೂ ಟೆಸ್ಟ್ ಮಾಡಿಸ್ತಾ ಇದೀವಿ. ನಿಮಗೆ ಆ್ಯಂಟಿಬಾಡಿ ಟೆಸ್ಟ್ ಮಾಡಿ ಪ್ರಯೋಜನ ಇಲ್ಲ. ಹಿಂದೆ ಬಂದುಹೋಗಿರೋದ್ರಿಂದ ಅದು ಮುಂದೆಯೂ ಪಾಸಿಟಿವ್ ತೋರಿಸ್ತಾನೇ ಇರುತ್ತೆ. ವೈರಲ್ ಲೋಡೇ ಮಾಡಿಸ್ಬೇಕು. ರಕ್ತ ಬೆಂಗಳೂರಿಗೆ ಹೋಗಿ ಬರಬೇಕು, ಒಂದು ವಾರ ಹಿಡಿಯುತ್ತೆ." ನನ್ನ ಫೈಲ್ ನೋಡಿ, "ಲಿವರ್ ಟೆಸ್ಟಲ್ಲಿ ಎಸ್‌ಜಿಪಿಟಿ ಸ್ವಲ್ಪ ಏರಿದೆ. ಅದೊಂದನ್ನೇ ಇಟ್ಕೊಂಡು ಏನೂ ಹೇಳೋಕಾಗಲ್ಲ. ತಲೆ ಕೆಡಿಸ್ಕೋಬೇಡಿ" ಎಂದರು.

ತಲೆ ಕೆಟ್ಟಿತು.

ಡಯಾಲಿಸಿಸ್ ಆದ ದಿನ ಸುಸ್ತು ಇದ್ದದ್ದೇ. ಆದರೆ ಆ ವಾರ ಪ್ರತಿ ಸುಸ್ತಿಗೂ ನಾನು ಬೇರೆ ಹೆಸರಿಟ್ಟೆ. ಬಾಯಿಗೆ ರುಚಿಸದಿದ್ದರೆ ಲಿವರ್. ಬಲಪಕ್ಕೆ ಹಿಡಿದುಕೊಂಡರೆ ಲಿವರ್. ಬೆಳಿಗ್ಗೆ ಎದ್ದು ಹೊಸ್ತಿಲ ಹತ್ತಿರ ಬಿಸಿಲಿಗೆ ಕನ್ನಡಿ ಹಿಡಿದು ಕಣ್ಣಿನ ಬಿಳಿ ನೋಡಿಕೊಳ್ಳುವುದು, ಮಧ್ಯಾಹ್ನ ಮತ್ತೊಮ್ಮೆ ನೋಡಿಕೊಳ್ಳುವುದು. ಒಂದು ಸಲ ಹಳದಿ ಕಂಡಂತಾಗುತ್ತದೆ, ಇನ್ನೊಂದು ಸಲ ಇಲ್ಲ. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು. ಊಟವಾದ ಮೇಲೆ ಉಳಿಯುವ ಆ ಉದ್ದನೆಯ ಸಂಜೆ ನನಗೆ ಮೊದಲೆಲ್ಲ ಇಷ್ಟವಾಗುತ್ತಿತ್ತು. ಈಗ ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಗಂಗಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮಾರನೆಯ ದಿನ ಮತ್ತೆ ಮಾಡಿದೆ. ಅವಳ ದೊಡ್ಡ ಮಗ ಎತ್ತಿದ.

"ಅವ್ವ ಮಲ್ಗವ್ಳೆ ಆಂಟಿ."

"ಎದ್ದಮೇಲೆ ಪದ್ಮಕ್ಕ ಮಾಡಿದ್ರು ಅಂತ ಹೇಳಪ್ಪ."

ಅವನು ಹೇಳಿದ: "ಆಂಟಿ, ಈ ಕಾಯ್ಲೆ ಮೊದ್ಲು ನಿಮಗಿತ್ತಂತಲ್ಲ. ಪಕ್ಕದಲ್ಲೇ ಮಲಗ್ತಿದ್ರಲ್ಲ ನೀವು."

ನಾನು ಫೋನ್ ಇಟ್ಟೆ.

ನನಗೆ ವಾಸಿಯಾಗಿದೆ, ವೈರಸ್ ಇಲ್ಲದವಳಿಂದ ಯಾರಿಗೂ ಬರುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ನನ್ನ ಕೊನೆಯ ಟೆಸ್ಟ್ ಆಗಿ ಎಷ್ಟೋ ತಿಂಗಳಾಗಿತ್ತು. ನಡುವೆ ನನಗೆ ಗೊತ್ತಿಲ್ಲದೆ ಮತ್ತೆ ಬಂದಿದ್ದರೆ? ಅವಳಿಗೆ ನನ್ನಿಂದಲೇ ಹೋಗಿದ್ದರೆ? ಅಲ್ಲಿಯವರೆಗೆ ನನ್ನ ಹೆದರಿಕೆ ನನ್ನ ಮೈಯೊಳಗಿತ್ತು. ಈಗ ಅದು ಹಗರೆಯ ಆ ಮನೆಯನ್ನೂ ಹೊಕ್ಕಿತು. ಯಾರ ಹತ್ತಿರ ಹೇಳಿಕೊಳ್ಳಲಿ? ಇಂಥದ್ದನ್ನೆಲ್ಲ ನಾನು ಹೇಳಿಕೊಳ್ಳುತ್ತಿದ್ದವಳೇ ಗಂಗಮ್ಮ.

ಸೋಮವಾರ ಮತ್ತೆ ಬೇಲೂರು. ಒಳಗಿನ ಕೋಣೆಯ ಬಾಗಿಲು ಹಾಕಿತ್ತು. ನನ್ನದು ಮುಗಿದು ನಾನು ಏಳುವ ಹೊತ್ತಿಗೆ ಗಂಗಮ್ಮ ಸೆರಗು ಹೊದ್ದು, ತಲೆ ಬಗ್ಗಿಸಿ ಹಾಲ್ ದಾಟಿ ಹೋದಳು. ನನ್ನ ಕಡೆ ತಿರುಗಲಿಲ್ಲ.

ಅವತ್ತು ಮನೆಗೆ ಬಂದವಳೇ ಬಚ್ಚಲಿನ ಗೂಡಿನಿಂದ ನನ್ನ ಹಲ್ಲುಜ್ಜುವ ಬ್ರಷ್ಷು, ಉಗುರು ಕತ್ತರಿಸುವ ನೈಲ್ ಕಟರ್ ತೆಗೆದು ಬೇರೆ ಇಟ್ಟೆ. ರಕ್ತ ತಾಗುವಂಥ ಸಾಮಾನು ಬೇರೆ ಇರಲಿ ಎಂದು ಮೊದಲ ಸಲವೇ ಡಾಕ್ಟರ್ ಹೇಳಿದ್ದರು. ತಟ್ಟೆ ಲೋಟದಿಂದ ಬರುವುದಿಲ್ಲ ಎಂದೂ ಹೇಳಿದ್ದರು. ಆದರೂ ನನ್ನ ಲೋಟವನ್ನೂ ಬೇರೆ ಇಟ್ಟೆ. ಯಾರೂ ಹೇಳಿರಲಿಲ್ಲ, ನಾನೇ ಇಟ್ಟೆ.

ನಮ್ಮ ಯಜಮಾನರಿಗೆ ಹಳೇಬೀಡಿನಲ್ಲಿ ದಿನಸಿ ಅಂಗಡಿ. ಮಾತು ಕಡಿಮೆ. ಮಾರನೆಯ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಲೋಟ ಯಾಕೆ ಆ ಕಡೆ ಇಟ್ಟಿದೀಯ?" ಎಂದರು.

ಹೇಳಿದೆ. ಗಂಗಮ್ಮನ ಕೋಣೆ, ಟೆಸ್ಟು, ಅವಳ ಮಗನ ಮಾತು, ಎಲ್ಲ. ಹೇಳುತ್ತ ಅತ್ತೆ. ಅವರು ಲೋಟ ಎತ್ತಿ ಉಳಿದವುಗಳ ಜೊತೆ ಇಟ್ಟರು.

"ರಿಪೋರ್ಟ್ ಯಾವತ್ತು ಬರುತ್ತೆ?"

"ಗುರುವಾರ ಬರಬಹುದು ಅಂದ್ರು."

"ಅಂಗಡಿ ಬಾಗ್ಲು ಹಾಕಿ ನಾನೂ ಬತ್ತೀನಿ."

ಬಂದರು. ಜೊತೆಗೆ ಒಬ್ಬರಿದ್ದರೂ ಕಾಯುವುದನ್ನು ಒಬ್ಬಳೇ ಕಾಯಬೇಕು. ಹಾಗಂತ ಅವರು ಬರದೇ ಇದ್ದಿದ್ದರೆ ನಾನು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿರಲಿಲ್ಲವೇನೋ.

ಡಾಕ್ಟರ್ ಕಂಪ್ಯೂಟರ್ ನೋಡುತ್ತಲೇ ಹೇಳಿದರು, "ನಾಟ್ ಡಿಟೆಕ್ಟೆಡ್. ನಿಮ್ಮ ರಕ್ತದಲ್ಲಿ ವೈರಸ್ ಇಲ್ಲ."

ನಾನು ಕೇಳಿದೆ: "ಹಾಗಾದ್ರೆ ಗಂಗಮ್ಮನಿಗೆ ನನ್ನಿಂದ ಹೋಗಿಲ್ಲ?"

"ಇಲ್ಲ. ನಿಮ್ಮಿಂದ ಹೋಗಿಲ್ಲ." ಅವರು ನನ್ನ ಮುಖ ನೋಡಿದರು. "ಆದರೆ ಆರು ತಿಂಗಳಿಗೊಂದ್ಸಲ ಟೆಸ್ಟ್ ಮಾಡಿಸ್ತಾನೇ ಇರಬೇಕು. ಡಯಾಲಿಸಿಸ್ ಇರೋವರೆಗೂ."

ಯಜಮಾನರು ಕರ್ಚೀಫಿನಿಂದ ಕನ್ನಡಕ ಒರೆಸಿಕೊಂಡರು. ಒರೆಸುತ್ತಲೇ ಇದ್ದರು.

ರಮೇಶನನ್ನು ಕೇಳಿ ಒಳಗಿನ ಕೋಣೆಗೆ ಹೋದೆ. ಗಂಗಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ನಾನು ಕುರ್ಚಿ ಎಳೆದ ಸದ್ದಿಗೆ ಕಣ್ಣು ಬಿಟ್ಟಳು.

"ರಿಪೋರ್ಟ್ ಏನ್ ಬಂತಕ್ಕ?"

"ಇಲ್ಲ ಅಂತ ಬಂತು."

ಅವಳ ಕಣ್ಣಲ್ಲಿ ನೀರು ತುಂಬಿತು. "ನಂದು ನಿಂಗೆ ಅಂಟ್ಕಂಡೈತೆ ಅಂತ ಎದ್ರಿ ಹೋಗಿದ್ದೆ. ಅದ್ಕೇ ಫೋನ್ ಎತ್ತಲಿಲ್ಲ. ಯಾವ್ ಮಕ ಇಟ್ಕಂಡು ಮಾತಾಡ್ಲಿ ಏಳು."

ನಾನು ಒಂದು ವಾರ ಹೊತ್ತುಕೊಂಡು ತಿರುಗಿದ್ದನ್ನೇ ಅವಳೂ ಹೊತ್ತುಕೊಂಡಿದ್ದಳು. ಮಗ ಆಡಿದ ಮಾತು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

"ಮಾತ್ರೆ ಶುರು ಮಾಡಿದ್ರಾ?"

"ನಿನ್ನೆಯಿಂದ. ವಾಸಿ ಆಯ್ತದಾ ಅಕ್ಕ?"

"ನನಗಾಯ್ತಲ್ಲ. ಬಿಡದೆ ನುಂಗು."

ಅವಳು ಗೋಡೆ ಕಡೆ ನೋಡಿದಳು. "ಒಂದ್ ಮಾತು ಏಳ್ತೀನಿ, ಬೇಜಾರ್ ಮಾಡ್ಕಬೇಡ. ನಿಂಗೂ ಬಂದಿದ್ರೆ ಇಬ್ರೂ ಇಲ್ಲೇ ಇರ್ಬೋದಿತ್ತು ಅಂತ ಒಂದ್ ಗಳಿಗೆ ಅನ್ಕಂಡೆ ಕಣಕ್ಕ."

ನನಗೆ ಬೇಜಾರಾಗಲಿಲ್ಲ. ಆ ಮಂಚದಲ್ಲಿ ಮಲಗಿದ್ದಾಗ ಯಾರಾದರೂ ಒಬ್ಬರು ಬರಲಿ ಎಂದು ನಾನೂ ಬಯಸಿದ್ದೆ. ಬರಬೇಕಾದರೆ ಅವರಿಗೂ ಈ ಕಾಯಿಲೆ ಬರಬೇಕು ಎಂದು ಯೋಚಿಸಿರಲಿಲ್ಲ, ಅಷ್ಟೆ.

ಈಗ ನಾನು ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತೇನೆ. ನನ್ನ ಮೆಷಿನ್ ಸಿದ್ಧವಾಗುವವರೆಗೆ ಗಂಗಮ್ಮನ ಹತ್ತಿರ ಕೂತಿರುತ್ತೇನೆ. ಅವಳಿಗಿನ್ನೂ ಎರಡು ತಿಂಗಳ ಮಾತ್ರೆ ಬಾಕಿ. ನನ್ನ ಮುಂದಿನ ಟೆಸ್ಟಿನ ಯೋಚನೆ ದಿನಕ್ಕೊಂದು ಸಲವಾದರೂ ಬರುತ್ತದೆ, ಬಂದಾಗ ಹೆದರಿಕೆಯೂ ಆಗುತ್ತದೆ. ರಮೇಶ ಬಂದು "ಅಮ್ಮ, ನಿಮ್ದು ರೆಡಿ" ಎನ್ನುತ್ತಾನೆ. ನಾನು ಏಳುತ್ತೇನೆ. ಬಾಗಿಲು ಪೂರ್ತಿ ಹಾಕಬೇಡವೆಂದು ಅವನಿಗೆ ಹೇಳಿ ನನ್ನ ಮಂಚಕ್ಕೆ ಹೋಗುತ್ತೇನೆ.