ಅರವತ್ತೊಂದು ಜನ ಒಲ್ಲೆ ಅಂದರಂತೆ

ಚಿಕ್ಕನಿಂಗಮ್ಮ ಹುಟ್ಟಿದ್ದು ಯಳಂದೂರಿನ ಕಡೆ, ನಾಲೆ ನೀರಿನ ಊರಲ್ಲಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಲೊಕ್ಕನಹಳ್ಳಿಯಿಂದಾಚೆ ಕಾಡಂಚಿನ ಕಗ್ಗಲಿದೊಡ್ಡಿಗೆ ಬಂದಳು. ಹೊಸಬರು ಯಾರಾದರೂ ಹಾದಿ ಕೇಳಿದರೆ, ‘ಯಾಕೆ?’ ಅಂತ ವಿಚಾರಿಸಿಕೊಂಡೇ ಹಾದಿ ತೋರಿಸುವ ಊರು ಅದು. ಅಂಥ ಊರಲ್ಲಿ ಹದಿನಾಲ್ಕು ವರ್ಷ ಆಶಾ ಕಾರ್ಯಕರ್ತೆಯಾಗಿ ತಿರುಗಿ, ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ದು, ಕೂಸುಗಳಿಗೆ ಲಸಿಕೆ ಹಾಕಿಸಿ, ಒಂದೊಂದೇ ಮನೆಯ ನಂಬಿಕೆ ಗಳಿಸಿಕೊಂಡಿದ್ದಳು. ಅವಳ ಗುಲಾಬಿ ಸೀರೆ ಕಂಡರೆ ಊರ ನಾಯಿಗಳೂ ಬೊಗಳುತ್ತಿರಲಿಲ್ಲ.

ಹೋದ ವರ್ಷ ಹೊಸ ಕೆಲಸವೊಂದು ಬಂತು. ಮೂವತ್ತು ದಾಟಿದ ಎಲ್ಲರ ಬಿಪಿ, ಶುಗರ್ ನೋಡಬೇಕು. ಆಧಾರ್ ನಂಬರು ಹಾಕಿ ಮೊಬೈಲಿನಲ್ಲಿ ಅವರವರ ಹೆಸರಿಗೆ ಆರೋಗ್ಯ ಖಾತೆ ತೆರೆಯಬೇಕು. ಇಷ್ಟವಿಲ್ಲದವರು ಬೇಡ ಅನ್ನಬಹುದು, ಬಲವಂತವಿಲ್ಲ ಅಂತ ತರಬೇತಿಯಲ್ಲಿ ಹೇಳಿದ್ದರು. ಕಗ್ಗಲಿದೊಡ್ಡಿ, ಪಕ್ಕದಲ್ಲಿ ಕಾಡಿನ ಸೋಲಿಗರು ನೆಲೆಸಿದ್ದ ಪೋಡು ಎರಡೂ ಸೇರಿ ಬಾಯಿಬಿಟ್ಟು ಬೇಡ ಅಂದವರು ಮೂರೇ ಜನ. ಮೊದಲನೆಯವನು ಪೋಡಿನ ಕೇತಯ್ಯ.

“ನಮ್ಮಪ್ಪ ಒಂದು ಕಾಗ್ದುಕ್ಕೆ ಹೆಬ್ಬೆಟ್ಟು ಒತ್ತಿದ್ದ,” ಅಂದಿದ್ದ ಅವನು. “ಆಮೇಕೆ ನೋಡುದ್ರೆ, ಕಾಡೊಳ್ಗಿದ್ದ ಹಳೆ ಪೋಡ ನಾವೇ ಖುಷಿಯಿಂದ ಬುಟ್ಬಂದ್ವಿ ಅಂತ ಅದ್ರಲ್ಲಿ ಬರ್ದಿತ್ತು. ನಾ ಒಲ್ಲೆ ಕಣವ್ವ. ಬೇಕಾರೆ ಜಡೆಮ್ಮುನ್ದು ಮಾಡ್ಕ, ಅವ್ಳಿಗೆ ಬಿಪಿ ಅದೆ.”

ಅವನ ಹೆಂಡತಿ ಜಡೆಮ್ಮ ನಗುತ್ತಾ ತೋಳು ಚಾಚಿದ್ದಳು. ಎರಡು ವರ್ಷದಿಂದ ತಿಂಗಳು ತಿಂಗಳು ಆರೋಗ್ಯ ಕೇಂದ್ರಕ್ಕೆ ನಡೆದುಹೋಗಿ ಮಾತ್ರೆ ತರುತ್ತಿದ್ದವಳು ಆಕೆ.

ಮಾರ್ಚ್ ತಿಂಗಳ ಸಭೆ ಕೊಳ್ಳೇಗಾಲದಲ್ಲಿ ನಡೆಯಿತು. ಮೇಲ್ವಿಚಾರಕ ವೃಷಭೇಂದ್ರಪ್ಪ ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಟ್ಟು ಊರೂರಿನ ಅಂಕಿಅಂಶ ತೋರಿಸುತ್ತಿದ್ದರು. ‘ಯೋಜನೆ ನಿರಾಕರಿಸಿದವರು’ ಅಂತ ತಲೆಬರಹ. ಉಳಿದ ಊರುಗಳ ಕೆಂಪು ಪಟ್ಟಿ ಬೆರಳುದ್ದವಿದ್ದರೆ ಕಗ್ಗಲಿದೊಡ್ಡಿಯದು ಅರ್ಧ ಗೋಡೆಗೆ ಏರಿತ್ತು. ಅರವತ್ತೊಂದು.

“ಏನಮ್ಮ, ಬೇಡ ಅನ್ನಿ ಅಂತ ನೀವೇ ಹೇಳ್ಕೊಡ್ತಿದ್ದೀರೋ ಹೇಗೆ?” ಅಂದರು ವೃಷಭೇಂದ್ರಪ್ಪ. ಕೆಲವರು ನಕ್ಕರು.

“ಇಲ್ಲ ಸಾ. ಬೇಡ ಅಂದೋರು ಮೂರೇ ಜನ.”

“ಹಾಗಾದ್ರೆ ಕಂಪ್ಯೂಟರ್ ಸುಳ್ಳು ಹೇಳುತ್ತಾ?”

“ಅವ್ರ ಎಸ್ರು ಕೊಡಿ ಸಾ. ನಾನೇ ಓಗಿ ಕೇಳ್ತೀನಿ.”

“ಹೆಸರು ಕೊಡೋ ಹಾಗಿಲ್ಲ. ಅದು ಗೋಪ್ಯ. ಮುಂದಿನ ಸಭೆಗೆ ಇದು ಇಳಿದಿರಬೇಕು, ಅಷ್ಟೆ.”

ವಾಪಸ್ಸು ಬಸ್ಸಿನಲ್ಲಿ ಅವಳಿಗೆ ಕಿಟಕಿಯಾಚೆ ಏನೂ ಕಾಣಲಿಲ್ಲ. ಐವತ್ತೆಂಟು ಜನ ತನ್ನೆದುರು ಹೂಂ ಅಂದು ಬೆನ್ನ ಹಿಂದೆ ಇನ್ಯಾರಿಗೋ ಬೇಡ ಅಂದರೇ? ಯಾರಿಗೆ? ಯಾಕೆ? ನಗುನಗುತ್ತಾ ಕಾಫಿ ಕೊಟ್ಟ ಮುಖಗಳನ್ನೆಲ್ಲ ಒಂದೊಂದಾಗಿ ನೆನೆದಳು. ಹನೂರು ಬರುವ ಹೊತ್ತಿಗೆ ಅವಳಿಗೆ ಯಾರ ಮುಖವೂ ಸರಿಯಾಗಿ ಕಾಣದಂತಾಗಿತ್ತು.

ಮರುದಿನದಿಂದ ಸುತ್ತಿ ಬಳಸಿ ಕೇಳತೊಡಗಿದಳು. “ಆ ಖಾತೆ ವಿಚಾರದಲ್ಲಿ ನಿಮ್ಗೇನಾರ ಬೇಜಾರದಾ?” ಅಂತ. ಅದೇ ತಪ್ಪಾಯಿತು. ಹದಿನಾಲ್ಕು ವರ್ಷದಲ್ಲಿ ಎಂದೂ ಹೀಗೆ ಕೇಳದವಳು ಈಗ್ಯಾಕೆ ಕೇಳುತ್ತಾಳೆ ಅಂತ ಊರು ಮಾತಾಡಿಕೊಂಡಿತು. ಅವಳ ಹತ್ತಿರ ಒಂದು ಪಟ್ಟಿ ಇದೆಯಂತೆ, ಅದರಲ್ಲಿ ಹೆಸರಿರುವವರ ರೇಷನ್ ಕಾರ್ಡು ರದ್ದಾಗುತ್ತದಂತೆ ಅಂತ ಸುದ್ದಿ ಹಬ್ಬಿತು. ಗಂಡ ದೊಡ್ಡಮಾದಪ್ಪ ದನಕ್ಕೆ ನೀರು ತೋರಿಸಿ ಬಂದವನು ಅವಳನ್ನೇ ದಿಟ್ಟಿಸಿ, “ನಂದೂ ಎಸ್ರು ಬರ್ಕಂಡಿದ್ದೀಯಾ?” ಅಂದ. ಅವನು ತಮಾಷೆ ಮಾಡಿದನೋ ನಿಜಕ್ಕೂ ಕೇಳಿದನೋ ಅವಳಿಗೆ ತಿಳಿಯಲಿಲ್ಲ.

ಇದಾಗಿ ಎಂಟನೇ ದಿನ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದ ಜಡೆಮ್ಮ ಪೊರಕೆ ಹಿಡಿದಂತೆಯೇ ಕುಸಿದಳು. ಎಡಗೈ ಸ್ವಾಧೀನ ತಪ್ಪಿತ್ತು, ಬಾಯಿ ಒಂದು ಕಡೆಗೆ ವಾಲಿತ್ತು. ಪೋಡಿನವರು ಸಿಕ್ಕಿದ ಜೀಪಿನಲ್ಲಿ ಹಾಕಿಕೊಂಡು ಕಾಮಗೆರೆಯ ಆಸ್ಪತ್ರೆಗೆ ಸೇರಿಸಿದರು. ಸುದ್ದಿ ತಿಳಿದು ಚಿಕ್ಕನಿಂಗಮ್ಮ ಓಡಿದಳು.

“ಬಿಪಿ ಮಾತ್ರೆ ಯಾಕೆ ಬಿಟ್ಟರು?” ಅಂತ ಡಾಕ್ಟರು ಕೇಳಿದರು.

“ಬುಟ್ಟಿಲ್ಲ ಸಾ,” ಅಂದ ಕೇತಯ್ಯ. “ಓದ ತಿಂಗ್ಳು ಇಸ್ಕಬರಕ್ಕೆ ಓದ್ಲು. ನಿನ್ನೆಸ್ರು ಪಟ್ಟೀಲಿಲ್ಲ ಅಂದ್ರಂತೆ. ಯಾಕೆ ಅಂತ ಕೇಳಕ್ಕೆ ನಾಚ್ಕಂಡು ಬಂದ್ಬುಟ್ಳು. ನಂಗೂ ಯೋಳ್ನಿಲ್ಲ.”

ಡಾಕ್ಟರು ಅತ್ತ ಹೋದದ್ದೇ ಅವನು ಚಿಕ್ಕನಿಂಗಮ್ಮನ ಕಡೆ ತಿರುಗಿದ. ದನಿ ಏರಿಸಲಿಲ್ಲ.

“ಒಲ್ಲೆ ಅಂದೋನು ನಾನು. ಅದ್ಕೆ ಇವ್ಳ ಎಸ್ರ ತೆಗುದ್ಯಾ?”

“ಅಯ್ಯೋ ಕೇತಣ್ಣ, ನಾನ್ಯಾಕಣ್ಣ ತೆಗೀಲಿ?”

“ಮತ್ಯಾರು ತೆಗುದ್ರು? ನಮ್ ಪೋಡ್ಗೆ ಆ ಫೋನ್ ಇಡ್ಕಂಡು ಬರೋಳು ನೀನೊಬ್ಳೇ.”

ಅವಳು ಜಡೆಮ್ಮನ ಹಾಸಿಗೆಯ ಕಡೆ ನೋಡಿದಳು. ಎದೆಯಲ್ಲಿ ಒಂದು ಲೆಕ್ಕ ಕೂಡಿಬಂತು. ಬೇಡ ಅಂದವರು ಅರವತ್ತೊಂದು. ಬೇಡ ಅನ್ನದ ಜಡೆಮ್ಮನ ಹೆಸರು ಮಾತ್ರೆಯ ಪಟ್ಟಿಯಲ್ಲಿಲ್ಲ. ಆ ಅರವತ್ತೊಂದರಲ್ಲಿ ಇವಳೂ ಒಬ್ಬಳೇ?

ಮರುದಿನ ಸಭೆಯೂ ಇಲ್ಲ, ಕರೆಯೂ ಇಲ್ಲ. ತಾನಾಗಿಯೇ ಕೊಳ್ಳೇಗಾಲದ ಬಸ್ಸು ಹತ್ತಿದಳು. ಅಂಕಿಅಂಶ ತುಂಬುವ ಕೋಣೆಯಲ್ಲಿ ದೀಪ ಅನ್ನುವ ಹುಡುಗಿ ಕೂರುತ್ತಿದ್ದಳು. ಅವಳ ಮೊದಲ ಹೆರಿಗೆಯ ಹೊತ್ತಿನಲ್ಲಿ ತಾಯಿಯಿಲ್ಲದ ಅವಳ ಪಕ್ಕ ಕೂತಿದ್ದವಳು ಚಿಕ್ಕನಿಂಗಮ್ಮ.

“ಎಲ್ರ ಎಸ್ರೂ ಬೇಡ ಮಗ. ಜಡೆಮ್ಮುನ್ದು ಒಂದು ನೋಡು.”

ದೀಪ ಬಾಗಿಲ ಕಡೆ ಒಮ್ಮೆ ನೋಡಿ ಪರದೆಯನ್ನು ಇವಳ ಕಡೆ ತಿರುಗಿಸಿದಳು. ಜಡೆಮ್ಮನ ಹೆಸರಿನ ಮುಂದೆ ಕೆಂಪು ಚುಕ್ಕೆ.

“ನಿರಾಕರಿಸಿದ್ದಾರೆ ಅಂತ ಇದೆ ಅಕ್ಕ. ಡಿಸೆಂಬರ್ ಹನ್ನೆರಡು. ಜನವರಿಗಂಟ ಆರೋಗ್ಯ ಕೇಂದ್ರದಲ್ಲಿ ಬರ್ದ ಪುಸ್ತಕ ನೋಡಿ ಮಾತ್ರೆ ಕೊಡ್ತಿದ್ರು. ಆಮೇಲೆ ಪಟ್ಟಿ ಇಲ್ಲಿಂದ್ಲೇ ಹೋಗ್ತದೆ. ಕೆಂಪು ಇದ್ರೆ ಹೆಸ್ರು ಹೋಗಲ್ಲ.”

“ಯಾರು ಬರ್ದಿರೋದು?”

ದೀಪ ಆ ಸಾಲಿನ ಕೊನೆಗೆ ಬೆರಳಿಟ್ಟಳು. “ನೀವೇ ಅಕ್ಕ.”

ಚಿಕ್ಕನಿಂಗಮ್ಮ ನಂಬಲಿಲ್ಲ. ತನ್ನ ನಂಬರನ್ನು ಯಾರೋ ಕದ್ದಿದ್ದಾರೆ ಅಂದಳು. ದೀಪ ಐವತ್ತೆಂಟು ಸಾಲಿನ ತಾರೀಖು, ಹೊತ್ತು ಓದಿದಳು. ಎಲ್ಲ ಪೋಡಿನದು, ಕಗ್ಗಲಿದೊಡ್ಡಿಯ ಮೇಲಿನ ಬೀದಿಯದು. ಸಿಗ್ನಲ್ ಸಿಗದ ಜಾಗಗಳು. ಕೇಳುತ್ತಾ ಕೇಳುತ್ತಾ ಅವಳಿಗೆ ನೆನಪಾಯಿತು. ಓಟಿಪಿ ಬರದೆ ಪುಟ ಮುಂದಕ್ಕೆ ಹೋಗುತ್ತಿರಲಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಮೂರು ಸಾಲು. ‘ಮೂರನೇದು ಒತ್ಬುಟ್ಟು ಮುಂದಕ್ಕೋಗಿ ಅಕ್ಕ, ಆಮೇಲೆ ಸರಿ ಮಾಡಣ’ ಅಂದಿದ್ದವಳು ಆರೋಗ್ಯ ಕೇಂದ್ರದ ಸಿಸ್ಟರ್ ಮಂಗಳ. ಮೊದಲನೆಯದು ಒಪ್ಪಿಗೆ, ಮೂರನೆಯದು ನಿರಾಕರಣೆ ಅಂತ ತಿಳಿಯದೆ ಚಿಕ್ಕನಿಂಗಮ್ಮ ಒತ್ತಿದ್ದಳು. ಐವತ್ತೆಂಟು ಸಲ.

ವಾಪಸ್ಸು ಬರುವಾಗ ಮಂಗಳಳನ್ನು ಕೇಳಿದಳು. “ನಾನು ಹಂಗಂದ್ನಾ? ನೆನಪಿಲ್ವಲ್ಲಕ್ಕ,” ಅಂದಳು ಮಂಗಳ, ನೆಲ ನೋಡುತ್ತಾ. ಅವಳಿಗೆ ಹಾಗೆ ಹೇಳಿಕೊಟ್ಟವರು ಯಾರೋ, ಅವರಿಗೆ ಹೇಳಿದವರು ಯಾರೋ. ಆ ದಾರ ಎಲ್ಲಿಗೆ ಹೋಗುತ್ತದೋ ಚಿಕ್ಕನಿಂಗಮ್ಮನಿಗೆ ಕೊನೆಗೂ ಗೊತ್ತಾಗಲಿಲ್ಲ.

ವೃಷಭೇಂದ್ರಪ್ಪನವರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಬೈಗುಳ ಬರುತ್ತದೆ ಅಂದುಕೊಂಡಿದ್ದಳು. ಅವರ ದನಿ ಹಗುರಾಯಿತು.

“ಅಷ್ಟೇ ತಾನೆ? ಒಂದು ಗಂಟೆ ಕೆಲಸ. ಅರವತ್ತೊಂದನ್ನೂ ಒಪ್ಪಿದ್ದಾರೆ ಅಂತ ಮಾಡಿಸಿಬಿಡೋಣ. ಎಲ್ಲಾ ಹಸಿರಾಗುತ್ತೆ. ಯಾರಿಗೂ ಹೇಳೋಕೆ ಹೋಗಬೇಡಿ.”

“ಮೂರು ಜನ ಬೇಡ ಅಂದವ್ರೆ ಸಾ.”

“ಮೂರು ಜನಕ್ಕೆ ಯಾರು ಬರ್ತಾರಮ್ಮ ಕೇಳೋಕೆ?”

ಅವಳಿಗೆ ಕೇತಯ್ಯನ ಅಪ್ಪ ಹೆಬ್ಬೆಟ್ಟು ಒತ್ತಿದ ಕಾಗದದ ನೆನಪಾಯಿತು. ಅದನ್ನು ಬರೆದವರೂ ಹೀಗೇ ಹಗುರವಾಗಿ ಮಾತಾಡಿರಬೇಕು.

“ಆಗಲ್ಲ ಸಾ,” ಅಂದಳು. “ಮಿಕ್ಕೋರ್ನೂ ನಾನು ಸರ್ಯಾಗಿ ಕೇಳಿಲ್ಲ. ಇನ್ನೊಂದ್ಸಲ ಕೇಳ್ಕಂಡು ಬತ್ತೀನಿ. ಅಲ್ಲೀಗಂಟ ಮಾತ್ರೆ ಮಾತ್ರ ಪುಸ್ತಕ ನೋಡ್ಕಂಡೇ ಕೊಡ್ಸಿ. ಇಲ್ದಿದ್ರೆ ಜಡೆಮ್ಮುನ್ ವಿಚಾರ ನಾನೇ ಮೇಲಕ್ಕೆ ಬರೀತೀನಿ.”

“ನೋಡೋಣ,” ಅಂದು ವೃಷಭೇಂದ್ರಪ್ಪ ಫೋನು ಇಟ್ಟುಬಿಟ್ಟರು. ಆದರೂ ಮೂರು ದಿನದಲ್ಲಿ ಆರೋಗ್ಯ ಕೇಂದ್ರಕ್ಕೆ ಹಳೇ ಪುಸ್ತಕ ವಾಪಸ್ಸು ಬಂತು.

ಮೊದಲು ಅವಳು ಹೋದದ್ದು ಕಾಮಗೆರೆಗೆ. ಆಸ್ಪತ್ರೆಯ ಜಗಲಿಯಲ್ಲಿ ಕೇತಯ್ಯನ ಪಕ್ಕ ಕೂತು, “ತೆಗ್ದೋಳು ನಾನೇ ಕಣಣ್ಣ. ಗೊತ್ತಿಲ್ದೆ ಒತ್ತುದೆ,” ಅಂದಳು. ಅವನು ಬೀಡಿ ತೆಗೆದವನು ಹಚ್ಚದೆ ಹಾಗೇ ಕೈಯಲ್ಲಿ ಹಿಡಿದುಕೊಂಡ.

“ಗೊತ್ತಿಲ್ದೆ ಒತ್ತೋರು ನಾವ್ ಮಾತ್ರ ಅಂದ್ಕಂಡಿದ್ದೆ,” ಅಂದ. “ನೀವೂ ಅಂಗೇಯಾ?”

ಕ್ಷಮಿಸಿದೆ ಅಂತ ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಆಮೇಲೆ ಹನ್ನೆರಡು ದಿನ ಐವತ್ತೆಂಟು ಬಾಗಿಲು ತಟ್ಟಿದಳು. ಈ ಸಲ ಸುತ್ತಿ ಬಳಸಲಿಲ್ಲ. ನಿಮ್ಮ ಹೆಸರನ್ನು ನಾನು ತಪ್ಪಾಗಿ ಬರೆದೆ ಅಂತ ಮೊದಲು ಹೇಳಿದಳು. ಈ ಖಾತೆ ಯಾಕೆ, ಇದನ್ನು ಯಾರ‍್ಯಾರು ನೋಡುತ್ತಾರೆ ಅನ್ನುವುದರಲ್ಲಿ ತನಗೆ ಗೊತ್ತಿರುವುದನ್ನು ಹೇಳಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದಳು. ಬೇಕೋ ಬೇಡವೋ ನೀವೇ ಹೇಳಿ ಅಂದಳು. ಕೆಲವರು ಅರ್ಧ ತೆರೆದ ಬಾಗಿಲಲ್ಲೇ ನಿಂತು ಮಾತಾಡಿದರು. ಒಬ್ಬ ಮುದುಕಿ, “ಮೊದ್ಲು ಯಾಕೆ ಇಂಗೆ ಕೇಳ್ನಿಲ್ಲ?” ಅಂದಳು.

ಮೂವತ್ತೊಂಬತ್ತು ಜನ ಆಗಲಿ ಅಂದರು. ಹತ್ತೊಂಬತ್ತು ಜನ ಈಗ ನಿಜಕ್ಕೂ ಬೇಡ ಅಂದರು. ಜೀಪು ಓಡಿಸುವವನೊಬ್ಬನಿಗೆ ಶುಗರ್ ಇರುವುದು ಗೊತ್ತಾದರೆ ಲೈಸೆನ್ಸು ಹೋದೀತೆಂಬ ಅನುಮಾನ. ಮಗಳಿಗೆ ಗಂಡು ಹುಡುಕುತ್ತಿದ್ದ ತಾಯಿಗೆ, ಮನೆತನದಲ್ಲಿ ಕಾಯಿಲೆ ಅಂತ ಯಾರಾದರೂ ಫೋನಿನಲ್ಲಿ ನೋಡಿಬಿಟ್ಟರೆ ಅನ್ನುವ ದಿಗಿಲು. ಒಬ್ಬಳು ಹೊರಗೆ ಕರೆದು, “ನನ್ ಕಾಯ್ಲೆ ನನ್ ಗಂಡುನ್ಗೇ ಗೊತ್ತಿಲ್ಲ ಅಕ್ಕ,” ಅಂತ ಪಿಸುಗುಟ್ಟಿದಳು. ಹಳೆಯ ಮೂವರು ಸೇರಿ ಒಟ್ಟು ಇಪ್ಪತ್ತೆರಡು.

ಮುಂದಿನ ಸಭೆಯಲ್ಲೂ ಕಗ್ಗಲಿದೊಡ್ಡಿಯ ಕೆಂಪು ಪಟ್ಟಿಯೇ ಎತ್ತರ. ವೃಷಭೇಂದ್ರಪ್ಪ ಅದನ್ನು ಬೇಗ ದಾಟಿಸಿ ಮುಂದಿನ ಪುಟಕ್ಕೆ ಹೋದರು. ಸಭೆ ಮುಗಿದು ಬಸ್ ಸ್ಟ್ಯಾಂಡಿಗೆ ನಡೆಯುವಾಗ ಇನ್ನೊಂದು ಊರಿನ ಆಶಾ ಕಾರ್ಯಕರ್ತೆ ಮೀನಾ ಹಿಂದಿನಿಂದ ಬಂದು ಸೇರಿಕೊಂಡಳು.

“ಅಕ್ಕ, ನಮ್ಮೂರ್ದು ಸೊನ್ನೆ ಬಂದದೆ. ಎಲ್ರೂ ಚಪ್ಪಾಳೆ ಹೊಡುದ್ರು,” ಅಂದಳು. ಸುತ್ತ ನೋಡಿ ದನಿ ತಗ್ಗಿಸಿದಳು. “ಓಟಿಪಿ ಬರ್ದಿದ್ರೆ ನಂಗೆ ಮೊದಲ್ನೇದು ಒತ್ತು ಅಂದಿದ್ರು. ಅರ್ಧ ಜನುನ್ನ ನಾನು ಕೇಳೇ ಇಲ್ಲ.”

ಚಿಕ್ಕನಿಂಗಮ್ಮ ನಿಂತುಬಿಟ್ಟಳು. ಗೋಡೆಯ ಮೇಲೆ ನೋಡಿದ್ದ ಗಿಡ್ಡ ಪಟ್ಟಿಗಳೆಲ್ಲ ಒಂದೊಂದಾಗಿ ಕಣ್ಣಮುಂದೆ ಬಂದವು. “ನಿಮ್ಮೂರ್ಗೆ ಯಾವತ್ತು ಬರ್ಲಿ ಯೋಳು,” ಅಂದಳು. ಆ ಸೋಮವಾರ ಇಬ್ಬರೂ ಮೀನಾಳ ಊರಿನ ಮೊದಲ ಮನೆ ಬಾಗಿಲು ತಟ್ಟಿದರು.

ಜಡೆಮ್ಮ ಈಗ ಕೋಲು ಹಿಡಿದು ನಡೆಯುತ್ತಾಳೆ. ಎಡಗೈ ಬಿಗಿ ಪೂರ್ತಿ ಬಿಟ್ಟಿಲ್ಲ. ಕೇತಯ್ಯ ಇಂದಿಗೂ ಖಾತೆ ಮಾಡಿಸಿಲ್ಲ. ಚಿಕ್ಕನಿಂಗಮ್ಮ ಪೋಡಿಗೆ ಹೋದಾಗಲೆಲ್ಲ ಅವನು ಪಕ್ಕಕ್ಕೆ ಬಂದು ಕೂರುತ್ತಾನೆ. ಅವಳು ಏನಾದರೂ ಒತ್ತುವ ಮುಂಚೆ ಪರದೆಯ ಮೇಲೆ ಬೆರಳಿಟ್ಟು, “ಇಲ್ಲೇನು ಬರ್ದದೆ, ಓದು” ಅನ್ನುತ್ತಾನೆ. ಅವಳು ಓದಿ ಹೇಳುತ್ತಾಳೆ. ತಿಳಿಯದ ಪದ ಬಂದರೆ ಒತ್ತುವುದಿಲ್ಲ. ದೀಪಳಿಗೆ ಫೋನು ಮಾಡುತ್ತಾಳೆ.