ಒಂದೆಲಗ ಕೊಟ್ಟು ಡ್ರೈವಿಂಗ್ ಕಲಿತದ್ದು

ಬೋಲ್ಟನ್ನಿನ ಗೋದಾಮೊಂದರಲ್ಲಿ ನನಗೆ ಕೆಲಸ ಕೊಡಲು ತಯಾರಿದ್ದರು. "ಕ್ರಿಸ್‌ಮಸ್ ಗದ್ದಲಕ್ಕೆ ಮುಂಚೆ ಲೈಸೆನ್ಸು ತಂದರೆ ಕೆಲಸ ನಿನ್ನದು" ಎಂದಿದ್ದ ಅಲ್ಲಿನ ಸೂಪರ್‌ವೈಸರು. ಅಲ್ಲಿಗೆ ಬಸ್ಸಿಲ್ಲ, ನನಗೆ ಕಾರು ಓಡಿಸಲು ಬರುವುದಿಲ್ಲ. ತೊಂಬತ್ತರ ದಶಕದ ಕೊನೆ; ಹುಬ್ಬಳ್ಳಿಯಿಂದ ಈ ಚಳಿದೇಶಕ್ಕೆ ಬಂದು ವುಡ್‌ಬ್ರಿಡ್ಜಿನ ಒಂದು ಬೇಸ್‌ಮೆಂಟಿನಲ್ಲಿ ಬಿಡಾರ ಹೂಡಿದ್ದೆವು. ಕಲಿಯುವವರ ಪರವಾನಗಿ ಕೈಗೆ ಬಂದು ವರ್ಷವಾಗಿತ್ತು. ಗಂಡನ ಪಕ್ಕದಲ್ಲಿ ಕೂತು ಕಲಿಯಲು ಹೋಗಿ ಮೊದಲ ದಿನವೇ ಇಬ್ಬರೂ ಮಾತು ಬಿಟ್ಟೆವು. ನೀವು ಆ ತಪ್ಪು ಮಾಡಬೇಡಿ.

ಎರಡು ಬೀದಿ ಆಚೆ ಮಂಗಳೂರಿನ ಕಡೆಯ ಒಬ್ಬ ಅಕ್ಕ ಇದ್ದರು. ಹತ್ತು ವರ್ಷದಿಂದ ಕಾರು ಓಡಿಸುತ್ತಿದ್ದವರು. ಅವರಿಗೆ ದುಡ್ಡು ಬೇಕಿರಲಿಲ್ಲ, ಬೇಕಿದ್ದದ್ದು ಒಂದೆಲಗದ ತಂಬುಳಿ.

"ಇಲ್ಲಿ ಎಂಥ ಉಂಟು ಮಾರಾಯ್ತಿ, ಬೇರು ಸಮೇತ ತಾಜಾ ತಿಮರೆ ಸಿಗ್ತದಾ?" ಎಂದು ನಿಟ್ಟುಸಿರು ಬಿಟ್ಟರು. ಅವರ ಊರಲ್ಲಿ ಒಂದೆಲಗಕ್ಕೆ ತಿಮರೆ ಎನ್ನುತ್ತಾರೆ.

"ನಾ ತಂದು ಕೊಡ್ತೀನಿ ಅಕ್ಕಾ. ಒಂದು ಕಟ್ಟಿಗೆ ಒಂದು ಪಾಠ. ಆತಿಲ್ಲೋ?"

"ಆಯ್ತು. ಆದ್ರೆ ಬೇರಿಲ್ಲದ್ದು ತಂದ್ರೆ ಗೇಟಿನಿಂದಲೇ ವಾಪಸ್!"

ಮಾತು ಕೊಟ್ಟಾಗ ನನ್ನ ಹತ್ತಿರ ಒಂದು ಎಲೆಯೂ ಇರಲಿಲ್ಲ. ಆದರೆ ಮೇ ತಿಂಗಳಲ್ಲಿ ಮನೆಯ ಹಿಂದಿನ ಹುಲ್ಲಿನ ತುಂಬಾ ದುಂಡನೆ, ಅಂಚಿಗೆ ಹಲ್ಲಿರುವ ಎಲೆಗಳು ಹಬ್ಬಿದ್ದವು. ದೇವರೇ ಕಳಿಸಿದ ಎಂದುಕೊಂಡು ಬೇರು ಸಮೇತ ಕಿತ್ತು, ತೊಳೆದು, ದಾರ ಕಟ್ಟಿ ಒಯ್ದೆ. ಅಕ್ಕ ಒಂದು ಎಲೆಯನ್ನು ಉಜ್ಜಿ ಮೂಗಿಗೆ ಹಿಡಿದು ಬಿದ್ದು ಬಿದ್ದು ನಕ್ಕರು.

"ಪುದೀನದ ಹಾಗೆ ಪರಿಮಳ ಬರ್ತದೆ! ಇದು ಲಾನಿನ ಕಳೆ ಮಾರಾಯ್ತಿ. ಹುಬ್ಬಳ್ಳಿಯವರಿಗೆ ಜೋಳ ಬಿಟ್ರೆ ಬೇರೆ ಗಿಡ ಗೊತ್ತಿಲ್ವಾ?"

ಅವತ್ತು ಕಲಿತದ್ದನ್ನು ಹೇಳುತ್ತೇನೆ, ಕೇಳಿ. ಆ ಕಳೆಯ ದಂಟು ಚೌಕ, ಎಲೆಗಳು ಜೋಡಿ ಜೋಡಿ. ಒಂದೆಲಗದ ಬಳ್ಳಿ ನೆಲದ ಮೇಲೆ ತೆವಳುತ್ತದೆ, ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ, ಪ್ರತಿ ಎಲೆಗೂ ತನ್ನದೇ ಉದ್ದನೆಯ ತೊಟ್ಟು. ಎಲೆ ಮೂತ್ರಪಿಂಡದ ಆಕಾರ, ತೊಟ್ಟು ಸೇರುವಲ್ಲಿ ಸೀಳು. ಉಜ್ಜಿದರೆ ಹಸಿಹುಲ್ಲಿನ ವಾಸನೆ. ಖಾತ್ರಿಯಿಲ್ಲದ್ದನ್ನು ಬಾಯಿಗೆ ಹಾಕಬೇಡಿ.

ಮರುದಿನವೇ ಬಸ್ಸು, ಸಬ್‌ವೇ, ಮತ್ತೆ ಬಸ್ಸು ಹಿಡಿದು ಸ್ಕಾರ್‌ಬರೋಗೆ ಹೋದೆ. ಅಲ್ಲಿ ಶ್ರೀಲಂಕಾದ ತಮಿಳು ಹೆಂಗಸಿನ ಅಂಗಡಿಯಲ್ಲಿ ಒಂದೆಲಗದ ಕಟ್ಟುಗಳಿದ್ದವು. ಆದರೆ ಆಕೆ ಕತ್ತರಿ ಹಿಡಿದು ಪ್ರತಿ ಕಟ್ಟಿನ ಬುಡವನ್ನೂ ಕತ್ತರಿಸಿ ಬಕೆಟ್ಟಿಗೆ ಹಾಕುತ್ತಿದ್ದಳು.

"ಬೇರು ಸೇರಿಸಿ ಕೊಡ್ರಿ" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ನೋ ರೂಟ್ಸ್, ಅಕ್ಕಾ. ನೀ ಬೆಳೆಸಿದ್ರೆ ನಾ ಯಾರಿಗೆ ಮಾರ್ಲಿ?" ಎಂಬರ್ಥದಲ್ಲಿ ನಕ್ಕಳು. ನನ್ನಷ್ಟೇ ಜಾಣೆ!

ನಾನು ಎರಡು ಕಟ್ಟು ಕೊಂಡೆ. ಹೇಳಿದಷ್ಟೇ ಕೊಟ್ಟೆ, ಚೌಕಾಸಿ ಮಾಡಲಿಲ್ಲ. ಆಮೇಲೆ ಕೊಸರು ಕೇಳಿದೆ. ನಮ್ಮೂರ ಸಂತೆಯಲ್ಲಿ ತೂಕ ಮುಗಿದ ಮೇಲೆ ಇನ್ನೊಂದು ಹಿಡಿ ಹಾಕಿಸಿಕೊಳ್ಳದೆ ಯಾರೂ ಕದಲುವುದಿಲ್ಲ. "ಸೊಪ್ಪು ಬ್ಯಾಡ, ಆ ಬಕೆಟ್‌ನ್ಯಾಗಿನ ಕಸ ಕೊಡ್ರಿ ಸಾಕು" ಎಂದು ಕೈಸನ್ನೆ ಮಾಡಿದೆ. ಆಕೆ ಬಕೆಟ್ಟನ್ನೂ ನನ್ನನ್ನೂ ನೋಡಿ, ಸೋತವಳಂತೆ ಹಣೆ ಚಚ್ಚಿಕೊಂಡು, ಎರಡು ಹಿಡಿ ಬುಡಗಳನ್ನು ಚೀಲಕ್ಕೆ ಸುರಿದಳು. "ಟೂ ಮಚ್ ಸ್ಮಾರ್ಟ್!"

ಮನೆಗೆ ಬಂದು ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್ಬಿಗೆ ಮಣ್ಣು ತುಂಬಿ, ಗೆಣ್ಣುಗಳನ್ನು ಅಡ್ಡಡ್ಡ ಮಲಗಿಸಿ ಒತ್ತಿದೆ. ಟಬ್ಬಿಗೆ ತೂತು ಮಾಡಬೇಡಿ. ಇದು ಕೆಸರಿನ ಗಿಡ, ಕಾಲು ಸದಾ ಒದ್ದೆಯಿರಬೇಕು. ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳು ಮುಗಿದ ಮೇಲೆಯೇ ಹೊರಗಿಡಿ, ಬೆಳಗಿನ ಬಿಸಿಲು ಸಾಕು. ಎರಡು ವಾರ ಅದು ಸತ್ತಂತೆ ನಟಿಸುತ್ತದೆ, ನಂಬಬೇಡಿ. ಜೂನ್ ಕೊನೆಗೆ ನನ್ನ ಟಬ್ಬಿನಲ್ಲಿ ಮಣ್ಣೇ ಕಾಣುತ್ತಿರಲಿಲ್ಲ.

ಮೊದಲ ಕಟ್ಟನ್ನು ಅಕ್ಕ ಬಾಗಿಲಲ್ಲೇ ಮೂಸಿ ನೋಡಿದರು. ನೇರ ಅಡುಗೆಮನೆಗೆ ನಡೆದರು. ಬೇರಿನ ಮಣ್ಣು ತೊಳೆದು, ಜೀರಿಗೆ, ಮೆಣಸು, ಕಾಯಿತುರಿಯ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ ಒಗ್ಗರಣೆ ಹಾಕಿದರು. ಬಾಯಿಹುಣ್ಣಿಗೂ ಮಕ್ಕಳ ನೆನಪಿನ ಶಕ್ತಿಗೂ ಒಳ್ಳೆಯದು ಎಂದು ಅವರ ಮನೆಯ ನಂಬಿಕೆ. ನನಗಂತೂ ಅನ್ನಕ್ಕೆ ಒಳ್ಳೆಯದೆಂದು ಖಾತ್ರಿಯಾಯಿತು. ಎರಡು ಲೋಟ ಹಾಗೆಯೇ ಕುಡಿದು, ಬಾಯಿ ಒರೆಸಿಕೊಂಡು, ಅಕ್ಕ ಕೀಲಿಕೈ ನನ್ನ ಕಡೆ ಎಸೆದರು. "ಕಾರು ಹತ್ತು!"

ಬೇಸಿಗೆಯಿಡೀ ಕಟ್ಟಿಗೊಂದು ಪಾಠ. ಪ್ಯಾರಲಲ್ ಪಾರ್ಕಿಂಗಿಗೆ ಮಾತ್ರ ಅವರು ದರ ಏರಿಸಿದರು.

"ಎರಡು ಕಟ್ಟು ಬೇಕು. ನನ್ನ ಜೀವಕ್ಕೆ ಬೆಲೆ ಇಲ್ವಾ?"

"ಒಂದೂವರಿ ಕೊಡ್ತೀನಿ, ಅಕ್ಕಾ. ಬಳ್ಳಿಗೂ ಉಸಿರಾಡಾಕ ಬಿಡಬೇಕಲ್ರೀ!"

ಸೆಪ್ಟೆಂಬರಿನಲ್ಲಿ ಟಬ್ಬನ್ನು ಬೇಸ್‌ಮೆಂಟಿನ ಟ್ಯೂಬ್‌ಲೈಟಿನ ಕೆಳಗೆ ಇಳಿಸಿದ ವಾರವೇ ರೋಡ್ ಟೆಸ್ಟು ಪಾಸಾದೆ. ಅಕ್ಕ ಪಾರ್ಕಿಂಗ್ ಲಾಟಿನಲ್ಲೇ ನನ್ನನ್ನು ಅಪ್ಪಿಕೊಂಡು ಕುಣಿದರು.

ಮುಂದಿನ ಸೋಮವಾರ ಗಂಡನ ಹಳೆಯ ಕಾರನ್ನು ಒಬ್ಬಳೇ ಓಡಿಸಿಕೊಂಡು ಬೋಲ್ಟನ್ನಿಗೆ ಹೋದೆ. ಗೋದಾಮಿನ ಮುಂದೆ ನಿಲ್ಲಿಸಿ, ಕೆಳಗಿಳಿದು, ಎರಡೂ ಗೆರೆಗಳ ನಡುವೆ ಸರಿಯಾಗಿ ನಿಂತಿದೆಯೇ ಎಂದು ಕಾರಿನ ಸುತ್ತ ನಡೆದು ನೋಡಿದೆ. ನಿಂತಿತ್ತು. ಸೂಪರ್‌ವೈಸರು ಬಾಗಿಲಲ್ಲಿ ಕಾಯುತ್ತಿದ್ದ. ನಾನು ಇನ್ನೊಂದು ಸುತ್ತು ಹಾಕಿಯೇ ಒಳಗೆ ಹೋದೆ.